ಏರಿಯ ಮೇಲಿನ ಬಿಳಿ

ಬೆಳಿಗ್ಗೆ ಎದ್ದಾಗಿನಿಂದ ನಂದೀಶ್ವರಯ್ಯ ಮೇಷ್ಟ್ರು ತಮ್ಮ ಬಲಗೈಯನ್ನು ಒಂದು ಕಡೆ ಸುಮ್ಮನೆ ಇಟ್ಟುಕೊಳ್ಳಲು ನೋಡುತ್ತಿದ್ದರು, ಅದು ಇರುತ್ತಿರಲಿಲ್ಲ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗಲೂ ಬಲಗೈ ಬೆರಳುಗಳು ತಮ್ಮ ಪಾಡಿಗೆ ತಾವು ಗಾಳಿಯಲ್ಲಿ ಏನನ್ನೋ ತುಂಬುತ್ತಿದ್ದವು, ಅಲ್ಲೊಂದು ಖಾಲಿ ಜಾಗ ಇದೆ, ಅದನ್ನು ಹಾಗೇ ಬಿಟ್ಟರೆ ಯಾರೋ ಬಯ್ಯುತ್ತಾರೆ ಅನ್ನುವ ಹಾಗೆ. ತಿಂಡಿಗೆ ಕೂತಾಗ ಹೆಂಡತಿ ನಾಗರತ್ನಮ್ಮ ನೋಡಿಯೇಬಿಟ್ಟರು. "ಏನ್ರೀ ಅದು, ಉಪ್ಪಿಟ್ಟಿನ ತಟ್ಟೇಲೂ ಚಿತ್ರ ಬರೀತಾ ಇದೀರಲ್ಲ? ತಿನ್ನಿ ಸುಮ್ನೆ, ಆರಿ ಹೋಗುತ್ತೆ." ಮೇಷ್ಟ್ರು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಅರವತ್ತಾರು ವರ್ಷದ ಮನುಷ್ಯ, ಶಾಲೆಗೆ ಹೊಸದಾಗಿ ಸೇರಿದ ಹುಡುಗನ ಹಾಗೆ! ಕಾರಣ ಏನು ಅಂತ ಹೆಂಡತಿ ಕೇಳಲಿಲ್ಲ, ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಇವತ್ತು ಭಾನುವಾರ, ಮನೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವ ದಿನ. ನಾಳೆ ತುಮಕೂರಿಗೆ ಮಕ್ಕಳ ಚಿತ್ರಗಳನ್ನು ಸ್ಪರ್ಧೆಗೆ ತಲುಪಿಸಬೇಕು. ಹಾಗಾಗಿ ಇವತ್ತು ಆ ಹುಡುಗಿ ಲೋಹಿತಾ ತನ್ನ ಚಿತ್ರವನ್ನು ಇಲ್ಲೇ, ಇವರ ಕೈಯಲ್ಲಿ, ಬಿಟ್ಟು ಹೋಗಬೇಕು. ಮೂರು ತಿಂಗಳಲ್ಲಿ ಒಂದು ಭಾನುವಾರವೂ ಅವಳು ಬಿಟ್ಟು ಹೋದವಳಲ್ಲ. ಬೇರೆ ಮಕ್ಕಳೆಲ್ಲ ಒಣಗಲಿ ಅಂತ ಚಿತ್ರವನ್ನು ಹಾಲಿನ ನೆಲದ ಮೇಲೆ ಹರಡಿ ಮುಂದಿನ ವಾರ ಒಯ್ದರೆ ಇವಳೊಬ್ಬಳು ಒದ್ದೆ ಹಾಳೆಯನ್ನು ಎರಡೂ ಅಂಗೈ ಮೇಲೆ ಹೊತ್ತು, ಪ್ರಸಾದ ಒಯ್ಯುವವಳ ಹಾಗೆ, ಉಸಿರು ಬಿಗಿಹಿಡಿದು ಮೆಟ್ಟಿಲಿಳಿದು ಅಮ್ಮನ ಸ್ಕೂಟರಿನ ಹಿಂದೆ ಹತ್ತಿ ಕೂರುತ್ತಿದ್ದಳು. "ನಮ್ಮನೇಲೇನು ಇಲಿ ತಿನ್ನುತ್ತಾ ಕಣೇ ನಿನ್ನ ಚಿತ್ರಾನ?" ಎಂದು ನಾಗರತ್ನಮ್ಮ ರೇಗಿಸಿದರೆ ಹುಡುಗಿ ನಕ್ಕು ಸುಮ್ಮನಾಗುತ್ತಿದ್ದಳು. ಮೇಷ್ಟ್ರು ನಗುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ಅಲ್ಲಿಂದ ಎದ್ದು ಒಳಗೆ ಹೋಗುತ್ತಿದ್ದರು.

ಲೋಹಿತಾಳ ಅಮ್ಮ ರಾಮಾಂಜಿನಮ್ಮ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮೂರು ತಿಂಗಳ ಹಿಂದೆ ಮಗಳನ್ನು ಕರೆದುಕೊಂಡು ಬಂದವಳು ಬಾಗಿಲಲ್ಲಿ ನಿಂತು, ಹೆಲ್ಮೆಟ್ ತೆಗೆದು, "ಗುರ್ತು ಸಿಕ್ತಾ ಸಾ?" ಎಂದು ಕೇಳಿದ್ದಳು. ಸಿಕ್ಕಿತ್ತು. ಹೆಲ್ಮೆಟ್ ತೆಗೆಯುವ ಮೊದಲೇ, ಆ ನಿಲುವಿನಲ್ಲೇ ಸಿಕ್ಕಿತ್ತು. ಎಂಟನೇ ಕ್ಲಾಸಿನ ಎರಡನೇ ಬೆಂಚಿನ ಹುಡುಗಿ. "ಇಲ್ವಲ್ಲಮ್ಮ" ಅಂದುಬಿಟ್ಟರು ಮೇಷ್ಟ್ರು. ಬಾಯಿ ತಾನಾಗಿ ಅಂದಿತು. "ಪರ್ವಾಗಿಲ್ಲ ಬುಡಿ ಸಾ, ಎಷ್ಟು ಮಕ್ಳು ನೋಡಿದೀರಿ ನೀವು" ಎಂದಳು ಅವಳು, ಮುಖದಲ್ಲಿ ಒಂದು ಗೆರೆಯೂ ಅಲುಗಾಡಲಿಲ್ಲ. ಅವಳಿಗೆ ತಾನು ಸುಳ್ಳು ಹೇಳಿದ್ದು ಗೊತ್ತಾಯಿತೋ ಇಲ್ಲವೋ ಎಂದು ಆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದಾಯಿತು. ಗೊತ್ತಾಗಿದ್ದರೆ ಯಾಕೆ ಮಗಳನ್ನು ಕಳಿಸುತ್ತಾಳೆ? ಗೊತ್ತಾಗದಿದ್ದರೆ ಆ ಹುಡುಗಿ ಯಾಕೆ ಚಿತ್ರ ಬಿಟ್ಟು ಹೋಗುವುದಿಲ್ಲ? ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಆ ಒಂದು ಮಾತನ್ನು ಹನ್ನೆರಡು ಭಾನುವಾರ ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ನುಂಗಿದ್ದರು.

ಒಂಬತ್ತಕ್ಕೆ ಮಕ್ಕಳು ಬಂದವು, ಐದು ಮಕ್ಕಳು. ಕೆಂಪು ಗಾರೆ ನೆಲದ ಮೇಲೆ ಹಲಗೆ, ಹಲಗೆಗೆ ಕ್ಲಿಪ್ಪು ಹಾಕಿದ ಹಾಳೆ, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು. ಕಿಟಕಿಯಲ್ಲಿ ಮಧುಗಿರಿ ಬೆಟ್ಟ, ಇಡೀ ಕಿಟಕಿಗೆ ಒಂದೇ ಕಲ್ಲು. ಆಕಾಶ ನೋಡಬೇಕಾದರೆ ನೆಲಕ್ಕೆ ಬಗ್ಗಿ ನೋಡಬೇಕು. ಐದೂ ಮಕ್ಕಳು ಅದನ್ನೇ ಬರೆಯುತ್ತಿದ್ದರು. "ಬಿಳಿ ಯಾವ ಡಬ್ಬೀಲಿದೆ?" ಎಂದು ಮೇಷ್ಟ್ರು ವಾಡಿಕೆಯಂತೆ ಕೇಳಿದರು. "ಡಬ್ಬೀಲಿಲ್ಲ ಸಾರ್, ಕಾಗದದಲ್ಲಿದೆ!" ಎಂದು ಐದೂ ಒಟ್ಟಿಗೆ ಕೂಗಿದವು. "ಬಿಟ್ರೆ?" "ಉಳಿಯುತ್ತೆ!" "ಬಳಿದ್ರೆ?" "ಹೋಗುತ್ತೆ!" ಮಗ್ಗಿ ಹೇಳುವ ಹಾಗೆ. ನೀರುಬಣ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನೇ ಬಿಡಬೇಕು, ಒಂದು ಸಲ ಬಣ್ಣ ಕುಡಿದ ಕಾಗದ ಯಾವ ತಪಸ್ಸು ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲ. ಇಷ್ಟು ಚೆನ್ನಾಗಿ ಹೇಳಿಕೊಡುವ ನೀನು, ಎಂದು ಮನಸ್ಸಿನೊಳಗೊಬ್ಬ ಕೆಮ್ಮಿದ, ಇದನ್ನು ಯಾವಾಗ ಕಲಿತೆಯೋ? ಯಾರ ಕೈಲಿ ಕಲಿತೆಯೋ? ಮೇಷ್ಟ್ರು ಒಂದೊಂದೇ ಹಲಗೆ ನೋಡುತ್ತಾ ಲೋಹಿತಾಳ ಹಿಂದೆ ಬಂದು ನಿಂತರು. ಹುಡುಗಿ ಕಲ್ಲಿನ ಮೈಯನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಳು! ಮಳೆ ನೀರು ಇಳಿದು ಇಳಿದು ಬಿದ್ದ ಕಪ್ಪು ಪಟ್ಟೆಗಳು, ಬಿಸಿಲಿನ ಕಡೆ ತೆಳು ಕಾವಿ, ಕೋಟೆ ಗೋಡೆಯ ಒಂದು ಗೀರು. ಆ ಗೋಡೆಯ ಕೆಳಗೆ, ಕಲ್ಲಿನ ನಟ್ಟನಡುವೆ, ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಬಿಳಿಯಾಗಿ ಬಿಟ್ಟಿದ್ದಳು. ಅದೇ ಅಳತೆ. ಅದೇ ನಿಂತ ಹಾಗಿರುವ ಆಕಾರ. ಇಪ್ಪತ್ತನಾಲ್ಕು ವರ್ಷದಿಂದ ಸುಣ್ಣ ಹಾರಿದ ಗೋಡೆಯಲ್ಲಿ, ಸೊಳ್ಳೆಪರದೆಯ ತೇಪೆಯಲ್ಲಿ, ಬಸ್ಸಿನ ಕಿಟಕಿಯಾಚೆ ಯಾವುದೋ ಹೊಲದ ಬದುವಿನ ಮೇಲೆ, ಎಲ್ಲೆಂದರಲ್ಲಿ ಬಂದು ನಿಲ್ಲುತ್ತಿದ್ದ ಬಿಳಿ ಇವತ್ತು ಮತ್ತೆ ಒಂದು ಹಾಳೆಯ ಮೇಲೆ ಬಂದು ನಿಂತಿತ್ತು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಬೆಟ್ಟವಲ್ಲ, ಕೆರೆ. 'ನಮ್ಮೂರ ಕೆರೆ' ಅಂತ ವಿಷಯ ಕೊಟ್ಟಿದ್ದರು ಜಿಲ್ಲೆಯವರು. ರಾಮಾಂಜಿನಮ್ಮ ಬಡವನಹಳ್ಳಿ ಆಚೆಯ ತನ್ನೂರಿನ ಕೆರೆ ಬರೆದಿದ್ದಳು. ಹದಿಮೂರು ವರ್ಷದ ಹುಡುಗಿ, ಪಾಸು ತೋರಿಸಿ ಬಸ್ಸಿನಲ್ಲಿ ಬರುತ್ತಿದ್ದವಳು. ನೀರು ನೀರಿನ ಹಾಗೇ ಇತ್ತು, ಏರಿ ಏರಿಯ ಹಾಗೇ ಇತ್ತು. ಏರಿಯ ಮೇಲೆ ಮಾತ್ರ ಒಂದು ಕಡೆ ಬಿಳಿ. ಅದನ್ನು ಕಂಡು ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಡ್ರಾಯಿಂಗ್ ಮೇಷ್ಟ್ರುಗಳಲ್ಲಿ ಒಂದು ಕಾನೂನಿತ್ತು, ಎಲ್ಲೂ ಬರೆದಿಟ್ಟದ್ದಲ್ಲ, ಎಲ್ಲರೂ ಪಾಲಿಸುವಂಥದ್ದು: ಖಾಲಿ ಜಾಗ ಬಿಟ್ಟ ಚಿತ್ರಕ್ಕೆ ಮಾರ್ಕು ಹೋಗುತ್ತೆ, ಸ್ಪರ್ಧೆಗೆ ಕಳಿಸುವ ಮೊದಲು ಮೇಷ್ಟ್ರು ಒಂದು ಸಲ ಕೈಯಾಡಿಸಬೇಕು. ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ, ಜವಾಬ್ದಾರಿ ಅನ್ನುತ್ತಿದ್ದರು. ಮಕ್ಕಳು ಮನೆಗೆ ಹೋದ ಮೇಲೆ, ಖಾಲಿ ಕ್ಲಾಸಿನಲ್ಲಿ, ಇವರು ಆ ಬಿಳಿಗೆ ಹಸಿರು ತುಂಬಿ, ಮೇಲೊಂದು ಈಚಲ ಮರ ಎಬ್ಬಿಸಿದರು. ಗರಿ ಒಂದೊಂದಾಗಿ ಬಿಡಿಸಿದರು. ಜಿಲ್ಲೆಗೇ ಮೊದಲ ಬಹುಮಾನ ಬಂತು. ಹೆಡ್‌ಮಾಸ್ಟರು ಗಾಜು ಕಟ್ಟಿಸಿ ತಮ್ಮ ರೂಮಿನಲ್ಲಿ ನೇತುಹಾಕಿದರು. ಶಾಲಾ ವಾರ್ಷಿಕೋತ್ಸವದ ದಿನ ಹುಡುಗಿಯ ತಾಯಿ ಮುನಿಯಮ್ಮ ಬಂದರು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊಸಿಲ ಮೇಲೆ ನಿಂತರು. ಒಳಗೆ ಅತಿಥಿಗಳು, ಕಾಫಿ, ಹೂವಿನ ಹಾರ. "ಬಾಮ್ಮ, ಒಳಗೆ ಬಾ, ನಿನ್ನ ಮಗಳ ಚಿತ್ರ ನೋಡು" ಎಂದು ಕರೆದವರು ಇವರೇ, ಎದೆಯುಬ್ಬಿಸಿ. ಆಕೆ ಚಿತ್ರದ ಮುಂದೆ ನಿಂತು ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಎಲ್ಲವ್ರೆ ಸಾ?" ಅಂದರು. "ಯಾರಮ್ಮ?" ಆಕೆ ಸೆರಗನ್ನು ಬಾಯಿಗೆ ಹಿಡಿದರು, ಗಂಡನ ಹೆಸರು ಹೇಳುವ ಪದ್ಧತಿ ಇಲ್ಲ. "ಅವ್ರೇ ಸಾ. ಏರಿ ಮ್ಯಾಲವ್ರೆ, ಬಂದು ನೋಡವ್ವ ಅಂದ್ಲು ಮಗ." "ಏರಿ ಮೇಲಿರೋದು ಈಚಲ ಮರ ಕಣಮ್ಮ. ಗರಿ ನೋಡು ಹೆಂಗೆ ಬಿಡಿಸಿದಾಳೆ!" ಆಕೆಯ ಬೆರಳು ಗಾಜಿನ ಮೇಲೆ ಏರಿಯ ಈ ತುದಿಯಿಂದ ಆ ತುದಿಗೆ ನಡೆಯಿತು, ತಿರುಗಿ ಬಂತು, ಮತ್ತೆ ನಡೆಯಿತು. ಗಾಜಿನ ಮೇಲೆ ಬೆವರಿನ ಒಂದು ಗೀಟು ಬಿತ್ತು.

ಆಗ ತಿಳಿಯಿತು. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಹನ್ನೊಂದು ದಿನ ಖಾಲಿ ಇದ್ದದ್ದು ನೆನಪಾಯಿತು. ಅವಳಪ್ಪ ಚಿಕ್ಕಹನುಮಯ್ಯ ಆ ಕೆರೆಯ ನೀರುಗಂಟಿ. ದಿನಾ ಏರಿ ಮೇಲೆ ನಡೆದುಹೋಗಿ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು, ಬಿಳಿ ಪಂಚೆ, ತಲೆಗೆ ಬಿಳಿ ವಸ್ತ್ರ. ತೂಬಿನ ಹತ್ತಿರವೇ ಹಾವು ಕಚ್ಚಿ ಹೋದನಂತೆ. ಹುಡುಗಿ ಅಪ್ಪನನ್ನು ಕಾಗದದಲ್ಲೇ ಉಳಿಸಿಕೊಂಡಿದ್ದಳು. ಯಾರೂ ಹೇಳಿಕೊಡದೆ, ನೀರುಬಣ್ಣದ ಮೊದಲ ಪಾಠವನ್ನು ತಾನೇ ಕಂಡುಕೊಂಡಿದ್ದಳು! ಮೇಷ್ಟ್ರು ತಿರುಗಿ ನೋಡಿದರೆ ಬಾಗಿಲ ಬಳಿ ನಿಂತಿದ್ದ ಹುಡುಗಿ ಇವರನ್ನೇ ನೋಡುತ್ತಿದ್ದಳು. ಬಯ್ಯುವ ನೋಟವಲ್ಲ, ಕಾಯುವ ನೋಟ. "ಏನಂತೆ ಮೇಷ್ಟ್ರೇ?" ಎಂದು ಹೆಡ್‌ಮಾಸ್ಟರು ಕುರ್ಚಿಯಿಂದ ಕೇಳಿದರು. "ಏನಿಲ್ಲ ಸಾರ್, ಚಿತ್ರ ನೋಡಕ್ಕೆ ಬಂದಿದಾರೆ" ಎಂದರು ನಂದೀಶ್ವರಯ್ಯ. ಅಷ್ಟೇ ಅಂದದ್ದು. "ಬಾರವ್ವ, ಬಸ್ಸು ಹೋಯ್ತದೆ" ಎಂದು ಹುಡುಗಿ ತಾಯಿಯ ಕೈ ಹಿಡಿದು ಎಳೆದುಕೊಂಡು ಹೋದಳು. ಮುಂದಿನ ವರ್ಷ ಅವಳು ಡ್ರಾಯಿಂಗ್ ಕ್ಲಾಸಿನಲ್ಲಿ ಹಾಳೆ ತುಂಬಾ ಒಂದೇ ಬಣ್ಣ ಬಳಿದು ಕೊಡುತ್ತಿದ್ದಳು, ಮೂಲೆಯಿಂದ ಮೂಲೆಗೆ, ಎಳ್ಳಷ್ಟೂ ಖಾಲಿ ಬಿಡದೆ. ಇವರು ಅದಕ್ಕೆ ಹತ್ತಕ್ಕೆ ಏಳು ಕೊಡುತ್ತಿದ್ದರು. ನಿವೃತ್ತಿಯಾಗುವ ತನಕ ದಿನಾ ಸಹಿ ಮಾಡಲು ಆ ರೂಮಿಗೆ ಹೋಗಬೇಕು, ಆ ಈಚಲ ಮರದ ಮುಂದೆ ಬಗ್ಗಬೇಕಿತ್ತು. ಥೂ, ಎಂಥಾ ಗರಿ!

"ಮೇಷ್ಟ್ರೇ, ನಮಸ್ಕಾರ!" ಬಾಗಿಲಲ್ಲಿ ರೇಣುಕಪ್ರಸಾದ್, ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಲೋಹಿತಾಳ ಪಕ್ಕ ಕೂತಿದ್ದ ಮಾನಸಾಳ ಅಪ್ಪ. ಸ್ವಂತ ಮನೆಗೆ ಬಂದವರ ಹಾಗೆ ಒಳಗೆ ಬಂದು ಮಗಳ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಇದೇನು ಬೆಟ್ಟಾನೋ ಬದನೆಕಾಯೋ? ನಿಮ್ಮ ಕೈ ಒಂಚೂರು ಆಡ್ಸಿ ಮೇಷ್ಟ್ರೇ. ನಾವೇನು ಹೊರಗಿನೋರಾ? ತುಮಕೂರಿನಲ್ಲಿ ಎಲ್ಲರೂ ಮೇಷ್ಟ್ರ ಕೈಲಿ ಮಾಡ್ಸಿಯೇ ತರೋದು, ನಮ್ಮ ಮಗು ಒಂದೇ ಯಾಕೆ ಸೋಲಬೇಕು?" ಬೇಡ ಅನ್ನಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಮಾನಸಾ ಆಗಲೇ ಬ್ರಷ್ ತೆಗೆದು ಅವರ ಕೈಗೆ ಕೊಟ್ಟುಬಿಟ್ಟಿದ್ದಳು. ಬ್ರಷ್ ಬಂದು ಕೂತದ್ದೇ ತಡ, ಬೆಳಗಿನಿಂದ ಪರದಾಡುತ್ತಿದ್ದ ಕೈಗೆ ನೆಮ್ಮದಿಯಾಯಿತು. ತೆಳು ಬಣ್ಣದ ಒಂದು ವಾಶ್, ಬದನೆಕಾಯಿ ಬೆಟ್ಟವಾಯಿತು. ಅಂಚಿಗೆ ಒಂದು ನೆರಳು, ಬೆಟ್ಟ ಹಾಳೆಯಿಂದ ಎದ್ದು ನಿಂತಿತು. "ಅಬ್ಬಬ್ಬಾ!" ಎಂದರು ರೇಣುಕಪ್ರಸಾದ್. "ನೋಡ್ರೇ ಮಕ್ಕಳಾ, ಕೈ ಅಂದ್ರೆ ಇದು!" ಮಕ್ಕಳು ಸುತ್ತ ಬಂದು ಮುತ್ತಿದವು. ಎಷ್ಟು ವರ್ಷವಾಗಿತ್ತು ಯಾರಾದರೂ ಹೀಗೆ ಬೆರಗಾಗಿ ನೋಡಿ! ಹೊಗಳಿಕೆ ಹಾಳು ಅನ್ನುತ್ತಾರೆ, ಆದರೆ ಎಷ್ಟು ಸವಿ! ಲೋಹಿತಾ ಬಾಟಲಿಯ ನೀರು ಬದಲಿಸಲು ಹಿತ್ತಿಲಿಗೆ ಹೋಗಿದ್ದಳು. ಬ್ರಷ್ಷಿನಲ್ಲಿ ಕಾವಿ ಇನ್ನೂ ಉಳಿದಿತ್ತು. ಪಕ್ಕದಲ್ಲಿ ಅವಳ ಹಲಗೆ ಕೈಯಳತೆಯಲ್ಲೇ ಇತ್ತು. ಮೇಷ್ಟ್ರು ರೇಣುಕಪ್ರಸಾದರ ಮಾತಿಗೆ ನಗುತ್ತಾ, ಈ ಕಲ್ಲಿನ ನೆರಳನ್ನು ಆ ಕಲ್ಲಿಗೂ ಎಳೆದರು, ಕೈ ಸಲೀಸಾಗಿ ಹೋಯಿತು, ಎಡದಿಂದ ಬಲಕ್ಕೆ, ಕೋಟೆ ಗೋಡೆಯ ಕೆಳಗೆ, ಒಂದೇ ಉಸಿರಿನಲ್ಲಿ. ಬ್ರಷ್ ಎತ್ತಿದ ಮೇಲೆ ನೋಡಿದರು. ಬಿಳಿ ಇರಲಿಲ್ಲ.

ಮೇಷ್ಟ್ರು ಪಂಚೆಯ ಚುಂಗನ್ನೇ ನೀರಿಗದ್ದಿ ಒತ್ತಿದರು, ಹತ್ತಿ ಒತ್ತಿದರು, ಊದಿದರು. ಬಣ್ಣ ಸ್ವಲ್ಪ ಎದ್ದು ಬಂತು. ಅಡಿಯಲ್ಲಿ ಕೊಳೆಯಾದ, ನವೆದ, ಕಂದು ಕಾಗದ. ಒತ್ತಿದಷ್ಟೂ ಕಾಗದ ಹಿಂಜಿತು. "ಅಯ್ಯೋ, ಚೆನ್ನಾಗೇ ಇತ್ತಲ್ಲ ಮೇಷ್ಟ್ರೇ, ಯಾಕೆ ಒರೆಸ್ತೀರಿ?" ಎನ್ನುತ್ತಿದ್ದರು ರೇಣುಕಪ್ರಸಾದ್. ಅಷ್ಟರಲ್ಲಿ ಲೋಹಿತಾ ತುಂಬಿದ ಬಾಟಲಿ ಹಿಡಿದು ಬಂದು ನಿಂತಳು. ಹಾಳೆ ನೋಡಿದಳು, ಮೇಷ್ಟ್ರ ಕೈಯಲ್ಲಿದ್ದ ಬ್ರಷ್ ನೋಡಿದಳು. ಬಾಟಲಿಯನ್ನು ಚೆಲ್ಲದ ಹಾಗೆ ಮೆಲ್ಲಗೆ ಕೆಳಗಿಟ್ಟು ಕೂತಳು. "ಚೆನ್ನಾಗಿದೆ ಸಾರ್" ಅಂದಳು. ಹತ್ತು ವರ್ಷದ ಮಗುವಿಗೆ ಈ ಮರ್ಯಾದೆ ಯಾರು ಕಲಿಸಿದರು? ಮೇಷ್ಟ್ರು ಅವಳ ಪಕ್ಕ ನೆಲಕ್ಕೆ ಕೂತರು, ಮಂಡಿ ಲಟಕ್ಕೆಂದಿತು. ಮೂವತ್ತೈದು ವರ್ಷ ಡ್ರಾಯಿಂಗ್ ಕಲಿಸಿದವರು ಒಂದು ಮಗುವನ್ನೂ ಕೇಳದ ಪ್ರಶ್ನೆಯನ್ನು ಕೇಳಿದರು. "ಅಲ್ಲಿ ಏನಿತ್ತಮ್ಮ?"

"ಮೇಕೆ ಸಾರ್."

"ಮೇಕೆ?"

"ಹ್ಞೂ. ಮೊನ್ನೆ ಬೆಟ್ಟ ಹತ್ತಿ ಇಳಿಯಕ್ಕೆ ಗೊತ್ತಾಗ್ದೆ ಕೂಗ್ತಾ ಇತ್ತಲ್ಲ, ಅದು. ಆಸ್ಪತ್ರೆಯಿಂದ ಬರೋವಾಗ ನಾನೂ ಅಮ್ಮಾನೂ ನೋಡಿದ್ವಿ."

ಮೇಷ್ಟ್ರಿಗೆ ನಗು ಬಂದುಬಿಟ್ಟಿತು. ಮೇಕೆ! ಬರೀ ಒಂದು ಮೇಕೆ! ಯಾರ ಅಪ್ಪನೂ ಅಲ್ಲ, ಯಾರ ಸಾವೂ ಅಲ್ಲ. ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಹುಡುಗಿ ನಗಲಿಲ್ಲ. "ಅಮ್ಮಂಗೆ ಹೇಳಿದ್ದೆ ಸಾರ್, ಇವತ್ತು ಮೇಕೆ ತೋರಿಸ್ತೀನಿ ಅಂತ. ಎಲ್ಲಿ ಅಂತ ಕೇಳ್ತಾಳೆ." ಸ್ವಲ್ಪ ಯೋಚಿಸಿ, ದೊಡ್ಡವರಿಗೆ ಧೈರ್ಯ ಹೇಳುವ ದನಿಯಲ್ಲಿ ಸೇರಿಸಿದಳು: "ನಾನೇ ಮರೆತು ಬಳಿದ್ಬಿಟ್ಟೆ ಅಂತೀನಿ ಬಿಡಿ ಸಾರ್." ಮೇಷ್ಟ್ರ ನಗು ನಿಂತಿತು. ಹೊರಗೆ ಸ್ಕೂಟರ್ ಬಂದು ನಿಂತ ಸದ್ದು ಕೇಳಿತು.

ರಾಮಾಂಜಿನಮ್ಮ ಒಳಗೆ ಬಂದು, ಚಪ್ಪಲಿ ಬಿಟ್ಟು, ಮಗಳ ಹಲಗೆಯ ಕಡೆ ಬಗ್ಗಿದಳು. "ಎಲ್ಲೇ ಮೇಕೆ?" ಎಂದಳು. ಹುಡುಗಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದ್ದು ನಿಂತರು. ಹೆಂಡತಿ ಕಾಫಿ ಲೋಟ ಹಿಡಿದು ಅಡಿಗೆಮನೆ ಬಾಗಿಲಲ್ಲಿದ್ದರು, ರೇಣುಕಪ್ರಸಾದ್ ಕುರ್ಚಿಯಲ್ಲಿದ್ದರು, ಮಕ್ಕಳೆಲ್ಲ ಇದ್ದರು. ಇರಲಿ, ಎಲ್ಲರೂ ಇರಲಿ, ಅವತ್ತೂ ಎಲ್ಲರೂ ಇದ್ದರು. "ನಾನು ಬಳಿದೆ ಕಣಮ್ಮ" ಎಂದರು, ದನಿ ಕ್ಲಾಸಿನಲ್ಲಿ ಪಾಠ ಹೇಳುವಷ್ಟು ಜೋರಾಗಿ ಬಂತು. "ಮಗು ಬಳಿದದ್ದಲ್ಲ. ಅದಿಲ್ಲದಾಗ, ಅದನ್ನ ಕೇಳದೆ, ನಾನು ಬಳಿದೆ. ಅವತ್ತು ಏರಿ ಮೇಲೂ ನಾನೇ ಬಳಿದೆ. ಗುರುತು ಸಿಗಲಿಲ್ಲ ಅಂದದ್ದೂ ಸುಳ್ಳು." ರಾಮಾಂಜಿನಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. "ಗೊತ್ತು ಸಾ" ಅಂದಳು.

"ನಿಮ್ಮವ್ವ ಊರಲ್ಲೇ ಇದಾರೇನಮ್ಮ? ನಾನೇ ಬರ್ತೀನಿ. ಇವತ್ತೇ ಬಸ್ಸಿಗೆ ಬಂದು ಅವರ ಮುಂದೆ ಹೇಳ್ತೀನಿ."

"ಅವ್ವ ಹೋಗಿ ನಾಕು ವರ್ಷ ಆಯ್ತು ಸಾ." ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಸುದ್ದಿ ಹೇಳಿ ಹೇಳಿ ಪಳಗಿದ ದನಿ ಅದು. "ಮನೇಲಿ ಅಪ್ಪಂದು ಒಂದು ಫೋಟೋ ಇರ್ಲಿಲ್ಲ. ಓಟಿನ ಕಾರ್ಡಲ್ಲಿತ್ತು, ಅದು ಅಪ್ಪನಂಗೇ ಇರ್ಲಿಲ್ಲ. ಅದ್ಕೇ ಬರ್ದಿದ್ದೆ. ಸಾಯೋ ತಂಕ ಅವ್ವ ನಾನೇ ಅಳಿಸ್ದೆ ಅಂತ್ಲೇ ಅಂದ್ಕಂಡಿದ್ಲು. ಬೌಮಾನಕ್ಕೋಸ್ಕರ ಅಪ್ಪನ್ನ ಮರ ಮಾಡ್ಬುಟ್ಟಲ್ಲೇ ಅನ್ನೋಳು. ಮೊದ್ಲು ಅಳ್ತಾ ಅನ್ನೋಳು. ಆಮೇಲಾಮೇಲೆ ನಗ್ತಾ ಅನ್ನೋಳು. ನಗ್ತಾ ಅಂದ್ರೆ ಇನ್ನೂ ಸಂಕ್ಟ ಆಗೋದು ಸಾ."

"ನೀನ್ಯಾಕಮ್ಮ ಹೇಳ್ಲಿಲ್ಲ? ಮೇಷ್ಟ್ರು ಮಾಡಿದ್ದು ಅಂತ ಒಂದು ಮಾತು ಹೇಳಿದ್ರೆ..."

"ನೀವು ಹೇಳ್ತೀರ ಅಂತ ಕಾಯ್ತಿದ್ದೆ ಸಾ" ಎಂದಳು ರಾಮಾಂಜಿನಮ್ಮ. "ಪಕ್ಕದಲ್ಲೇ ನಿಂತಿದ್ರಲ್ಲ."

ಅವಳು ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟಿರಲಿಲ್ಲ. ಬಗ್ಗಿ ಕ್ಲಿಪ್ಪು ಬಿಚ್ಚಿ ಹಾಳೆ ತೆಗೆದು ಮಗಳ ಅಂಗೈ ಮೇಲೆ ಇಟ್ಟಳು. ಮತ್ತೆ ಯಾಕೆ ಮಗಳನ್ನು ನನ್ನ ಹತ್ತಿರ ತಂದು ಬಿಟ್ಟೆ ಎಂದು ಮೇಷ್ಟ್ರು ಕೇಳಿದಾಗ ನಿಜವಾಗಿ ಆಶ್ಚರ್ಯಪಟ್ಟು ನೋಡಿದಳು. "ನಿಮ್ಮಷ್ಟು ಚೆನ್ನಾಗಿ ಇನ್ಯಾರು ಕಲಿಸ್ತಾರೆ ಸಾ ಈ ಊರಲ್ಲಿ? ಚಿತ್ರ ಮಾತ್ರ ಅಲ್ಲಿ ಬುಟ್ಟು ಬರ್ಬೇಡ ಅಂದಿದ್ದೆ." ಹುಡುಗಿ ಬಾಗಿಲಿನ ತನಕ ಹೋಗಿ ತಿರುಗಿದಳು. "ಇನ್ನೊಂದು ಬರೀತೀನಿ ಸಾರ್. ನಾಳೆ ಬಸ್ ಸ್ಟ್ಯಾಂಡಿಗೇ ತಂದು ಕೊಡ್ತೀನಿ" ಎಂದಳು. ಆಮೇಲೆ ಒದ್ದೆ ಹಾಳೆ ಅಲುಗದ ಹಾಗೆ, ಉಸಿರು ಹಿಡಿದು, ಮೆಟ್ಟಿಲಿಳಿದಳು.

ಎಲ್ಲರೂ ಹೋದ ಮೇಲೆ ಮಧ್ಯಾಹ್ನದ ಹೊತ್ತು ಮೇಷ್ಟ್ರು ಹಾಲಿನಲ್ಲಿ ಒಬ್ಬರೇ ಕೂತರು. ನಾಗರತ್ನಮ್ಮ ಊಟಕ್ಕೆ ಎರಡು ಸಲ ಕರೆದು, ಬಾರದ್ದು ನೋಡಿ, ಬಯ್ಯಲಿಲ್ಲ. ಅವರು ಹೊಸ ಹಾಳೆ ತೆಗೆದು ಹಲಗೆಗೆ ಹಾಕಿ ಕೆರೆ ಬರೆದರು. ನೀರು ಬಂತು, ಏರಿ ಬಂತು. ಮುಖ ಗೊತ್ತಿಲ್ಲ, ನಡಿಗೆ ಗೊತ್ತಿಲ್ಲ, ಆ ಮನುಷ್ಯನನ್ನು ಅವರು ಒಂದು ಸಲವೂ ಕಂಡವರಲ್ಲ. ಅವನ ಬಗ್ಗೆ ಗೊತ್ತಿರುವುದು ತಾವು ಮುಚ್ಚಿದ ಜಾಗದ ಆಕಾರ ಒಂದೇ. ಅದು ಮಾತ್ರ ಕೂದಲಷ್ಟೂ ತಪ್ಪದೆ ನೆನಪಿತ್ತು. ಅದರ ಸುತ್ತ ಹಸಿರು ಎಳೆದುಕೊಂಡು ಬಂದರು. ಬಿಳಿ ಪಂಚೆ, ತಲೆಗೆ ಬಿಳಿ ವಸ್ತ್ರ, ಏರಿಯ ಮೇಲೆ ಚಿಕ್ಕಹನುಮಯ್ಯ ಕಾಗದದಿಂದ ಮೆಲ್ಲಗೆ ಎದ್ದು ನಿಂತ. ತೋರಿಸಬೇಕಾದ ಮುನಿಯಮ್ಮ ಇರಲಿಲ್ಲ. ಚಿತ್ರ ಮುಗಿದಿತ್ತು, ಇನ್ನೇನೂ ಮಾಡುವುದಿರಲಿಲ್ಲ. ಬ್ರಷ್ಷಿನಲ್ಲಿ ಹಸಿರು ಉಳಿದಿತ್ತು. ಕೈ ಬ್ರಷ್ಷನ್ನು ಕೆಳಗಿಡುತ್ತಿರಲಿಲ್ಲ, ಆ ಬಿಳಿಯನ್ನು ತುಂಬಲು ಅದರ ಮೇಲೆ ಒಂದು ಅಂಗುಲ ಎತ್ತರದಲ್ಲಿ ಕಾದು ನಿಂತಿತ್ತು.

"ನಾಗೂ" ಎಂದು ಮೇಷ್ಟ್ರು ಕರೆದರು. "ಬೇಗ ಬಾರೆ ಇಲ್ಲಿ. ಇದನ್ನ ನನ್ನ ಕೈಯಿಂದ ತಗೊಂಡುಬಿಡು."

ನಾಗರತ್ನಮ್ಮ ಬಂದು, ಬೆರಳು ಒಂದೊಂದಾಗಿ ಬಿಡಿಸಿ, ಬ್ರಷ್ ತೆಗೆದುಕೊಂಡು ನೀರಿಗೆ ಹಾಕಿದರು.